ಸ್ಪ್ರೇ ಹನಿ ಸರಿಯಿಲ್ವಾ? ಪ್ರೆಶರ್ ತಿರುಗಿಸುವ ಮೊದಲು ನಾಝಲ್ ಬಾಯಿ ನೋಡಿ

ಸ್ಪ್ರೇ ಸರಿಯಾಗಿ ಬರುತ್ತಿಲ್ಲ ಎಂದ ತಕ್ಷಣ ಹೆಚ್ಚಿನವರ ಕೈ ಮೊದಲು ಹೋಗುವುದು ಪ್ರೆಶರ್ ತಿರುಪಿನ ಮೇಲೆ. ಹನಿ ದಪ್ಪ ಇದೆಯಾ, ಏರಿಸು. ಮಂಜಿನಂತೆ ಹಾರಿ ಹೋಗುತ್ತಿದೆಯಾ, ಇಳಿಸು. ನಾನೂ ತುಂಬಾ ದಿನ ಹೀಗೇ ಮಾಡಿದ್ದೇನೆ. ಕೆಲವು ಸಲ ಸರಿಹೋಯಿತು. ಜಾಸ್ತಿ ಸಲ ಒಂದು ತೊಂದರೆ ಹೋಗಿ ಇನ್ನೊಂದು ಬಂತು. ಹನಿ ಸಣ್ಣದಾಯಿತು, ಆದರೆ ಟ್ಯಾಂಕ್ ಬೇಗ ಖಾಲಿಯಾಯಿತು. ಪಟ್ಟೆ ಪಟ್ಟೆಯಾಗಿ ಬೀಳುವುದು ಮಾತ್ರ ನಿಲ್ಲಲೇ ಇಲ್ಲ.

ಹನಿಯ ಗಾತ್ರ ತೀರ್ಮಾನವಾಗುವ ಜಾಗ ಪಂಪ್ ಅಲ್ಲ. ದ್ರವ ನಾಝಲ್ ಬಾಯಿಂದ ಹೊರಬಿದ್ದ ಮೊದಲ ಕೆಲವು ಸೆಂಟಿಮೀಟರ್‌ಗಳಲ್ಲೇ ಅದು ತೀರ್ಮಾನವಾಗುತ್ತದೆ. ಅಲ್ಲಿ ದ್ರವ ಹೇಗೆ ಹರಡುತ್ತದೆ, ಎಲ್ಲಿ ಹರಿದು ಚೂರಾಗುತ್ತದೆ ಎಂಬುದನ್ನು ಕಣ್ಣಾರೆ ನೋಡಿದರೆ ಅರ್ಧ ಕಾರಣ ಅಲ್ಲೇ ಸಿಗುತ್ತದೆ. ಉಳಿದರ್ಧಕ್ಕೆ ಒಂದು ಅಳತೆ ಜಾರ್, ಒಂದು ಗಡಿಯಾರ, ಒಂದು ನಂಬಬಹುದಾದ ಪ್ರೆಶರ್ ಗೇಜ್ ಸಾಕು.

ಕೆಲಸ ಶುರು ಮಾಡುವ ಮೊದಲು ಒಂದು ಮಾತು. ಟ್ಯಾಂಕಿನಲ್ಲಿ ಔಷಧಿಯೋ ಬಣ್ಣವೋ ರಾಸಾಯನಿಕವೋ ಇದ್ದರೆ ತೆಗೆದು, ಲೈನ್ ತೊಳೆದು, ಬರೀ ನೀರಿನಲ್ಲಿ ಪರೀಕ್ಷೆ ಮಾಡಿ. ನಾಝಲ್ ಬಿಚ್ಚುವ ಮೊದಲು ಪ್ರೆಶರ್ ಪೂರ್ತಿ ಇಳಿಸಿ. ಏರ್‌ಲೆಸ್ ಪೇಂಟ್ ಯಂತ್ರಗಳಲ್ಲಿ (ಗಾಳಿ ಇಲ್ಲದೆ ಬರೀ ಪ್ರೆಶರ್‌ನಿಂದ ಬಣ್ಣ ಒಡೆಯುವಂಥವು) ಪ್ರೆಶರ್ 100 ಬಾರ್ ದಾಟುತ್ತದೆ. (ಬಾರ್ ಎಂದರೆ ಪ್ರೆಶರ್ ಅಳೆಯುವ ಮಾನ.) ಅದರ ಬಾಯಿಗೆ ಬೆರಳು ಅಡ್ಡ ಬಂದರೆ ದ್ರವ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗಿನಿಂದ ಸೂಜಿ ಚುಚ್ಚಿದಷ್ಟೇ ಗಾಯ ಕಾಣಬಹುದು, ಒಳಗೆ ಮಾಂಸ ಸಾಯುತ್ತಿರುತ್ತದೆ. ಅಂಥದ್ದು ಆದರೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ, ಯಾವ ದ್ರವ ಎಂದೂ ಹೇಳಿ.

ಏನು ಕೆಟ್ಟಿದೆ ಅಂತ ಮೊದಲು ಗುರುತಿಸಿ

"ಸ್ಪ್ರೇ ಸರಿಯಿಲ್ಲ" ಅನ್ನುವ ಮಾತಿನಿಂದ ಏನೂ ತಿಳಿಯುವುದಿಲ್ಲ. ಹನಿ ದಪ್ಪ ಆಗಿದೆಯಾ, ಸಣ್ಣ ಆಗಿದೆಯಾ, ಅಥವಾ ದಪ್ಪ ಸಣ್ಣ ಎರಡೂ ಬೆರೆತು ಬರುತ್ತಿದೆಯಾ? ಮೂರಕ್ಕೂ ಕಾರಣ ಬೇರೆ ಬೇರೆ.

ದಪ್ಪ ಹನಿ ಬಿದ್ದ ಕಡೆ ಕೂಡಿಕೊಂಡು ಕೆಳಗೆ ಹರಿಯುತ್ತದೆ. ಎಲೆಯ ಮೇಲೆ ಬಿದ್ದರೆ ಪುಟಿದು ಜಾರುತ್ತದೆ. ಬಣ್ಣವಾದರೆ ಮೇಲ್ಮೈ ಕಿತ್ತಳೆ ಸಿಪ್ಪೆಯಂತೆ ಗುಂಡಿ ಗುಂಡಿಯಾಗಿ ಒಣಗುತ್ತದೆ. ಸಣ್ಣ ಹನಿ ಗುರಿ ಮುಟ್ಟುವುದೇ ಇಲ್ಲ. ಗಾಳಿಯಲ್ಲಿ ತೇಲುತ್ತದೆ, ಇಲ್ಲವೇ ದಾರಿಯಲ್ಲೇ ಒಣಗಿ ಪುಡಿಯಾಗಿ ಬೀಳುತ್ತದೆ. ಎರಡೂ ಬೆರೆತಿದ್ದರೆ ಪಟ್ಟೆ ಬೀಳುತ್ತದೆ. ಒಂದು ಕಡೆ ತೊಯ್ದಿರುತ್ತದೆ, ಪಕ್ಕದಲ್ಲೇ ಒಣಗಿರುತ್ತದೆ.

ಯಾವ ನಾಝಲ್ ಕೂಡ ಒಂದೇ ಅಳತೆಯ ಹನಿ ಕೊಡುವುದಿಲ್ಲ. ಒಂದೇ ಸ್ಪ್ರೇಯಲ್ಲಿ 20 ಮೈಕ್ರಾನಿನ ಹನಿಯೂ ಇರುತ್ತದೆ, 600 ಮೈಕ್ರಾನಿನದೂ ಇರುತ್ತದೆ. (1000 ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್.) ಅದಕ್ಕೇ ತಯಾರಕರು ನಡುವಿನ ಗಾತ್ರವೊಂದನ್ನು ಕೊಡುತ್ತಾರೆ. ಒಟ್ಟು ದ್ರವದಲ್ಲಿ ಅರ್ಧ ಅದಕ್ಕಿಂತ ಸಣ್ಣ ಹನಿಗಳಲ್ಲಿ, ಇನ್ನರ್ಧ ಅದಕ್ಕಿಂತ ದೊಡ್ಡ ಹನಿಗಳಲ್ಲಿ ಇರುತ್ತದೆ ಎಂದು ಅದರ ಅರ್ಥ. ಇದು ಹನಿಗಳ ಎಣಿಕೆಯ ಲೆಕ್ಕ ಅಲ್ಲ, ದ್ರವದ ಪ್ರಮಾಣದ ಲೆಕ್ಕ. ವ್ಯತ್ಯಾಸ ಸಣ್ಣದಲ್ಲ. 400 ಮೈಕ್ರಾನಿನ ಒಂದು ಹನಿಯ ನೀರಿನಿಂದ 200 ಮೈಕ್ರಾನಿನ 8 ಹನಿ, 100 ಮೈಕ್ರಾನಿನ 64 ಹನಿ ಆಗುತ್ತವೆ. ಹಾಗಾಗಿ ಕೆಲವೇ ದಪ್ಪ ಹನಿಗಳು ಟ್ಯಾಂಕಿನ ದೊಡ್ಡ ಪಾಲನ್ನು ನುಂಗಿಬಿಡಬಹುದು, ನಮ್ಮ ಕಣ್ಣಿಗೆ ಮಾತ್ರ ಸುತ್ತಲಿನ ಮಂಜು ಕಾಣುತ್ತಿರುತ್ತದೆ.

ಕಣ್ಣಿನ ಅಂದಾಜು ನಂಬಬೇಡಿ ಅನ್ನುವುದು ಇದಕ್ಕೇ. ನೀರು ತಾಗಿದರೆ ಹಳದಿಯಿಂದ ನೀಲಿಗೆ ತಿರುಗುವ ಪರೀಕ್ಷಾ ಕಾಗದ ಸಿಗುತ್ತದೆ. ಅದರ ಒಂದು ತುಂಡನ್ನು ಗುರಿಯ ಜಾಗದಲ್ಲಿಟ್ಟು ಮಾಮೂಲಿ ವೇಗದಲ್ಲಿ ಒಂದು ಸಲ ಸ್ಪ್ರೇ ಹಾಯಿಸಿ. ಕಲೆಗಳ ಹಂಚಿಕೆ ನೋಡಿ. ಕಾಗದದ ಮೇಲಿನ ಕಲೆ ಹನಿಗಿಂತ ದೊಡ್ಡದಿರುತ್ತದೆ, ಹೆಚ್ಚು ಕಡಿಮೆ ಎರಡರಷ್ಟು, ಯಾಕೆಂದರೆ ಹನಿ ಬಿದ್ದ ಮೇಲೆ ಹರಡುತ್ತದೆ. ಕಲೆ ಅಳೆದು ಅದೇ ಹನಿಯ ಗಾತ್ರ ಅಂದುಕೊಂಡರೆ ಲೆಕ್ಕ ತಪ್ಪುತ್ತದೆ. ಇನ್ನೊಂದು ಎಚ್ಚರಿಕೆ: ಬೆವರಿದ ಕೈಯಲ್ಲಿ ಮುಟ್ಟಿದರೂ ಅದು ನೀಲಿಯಾಗುತ್ತದೆ.

ಹನಿ ಹುಟ್ಟುವುದನ್ನು ನೋಡಿ

ನಾಝಲ್ ಹಿಂದೆ ಒಂದು ಕಪ್ಪು ಬಟ್ಟೆ ಕಟ್ಟಿ. ಟಾರ್ಚನ್ನು ಪಕ್ಕದಿಂದ, ಸ್ವಲ್ಪ ಹಿಂದಿನಿಂದ ಹಿಡಿಯಿರಿ. ಬರೀ ನೀರು ಬಿಟ್ಟು ನಾಝಲ್ ಬಾಯಿಯ ಹತ್ತಿರ ಕಣ್ಣಿಡಿ. ಕನ್ನಡಕ ಹಾಕಿಕೊಳ್ಳಿ.

ಬೀಸಣಿಗೆಯಂತೆ ಚಪ್ಪಟೆಯಾಗಿ ಹರಡುವ ಫ್ಲಾಟ್ ಫ್ಯಾನ್ ನಾಝಲ್ ಆದರೆ, ಬಾಯಿಯಿಂದ ಹೊರಬಿದ್ದ ನೀರು ತಕ್ಷಣ ಹನಿಯಾಗಿರುವುದಿಲ್ಲ. ಮೊದಲು ಗಾಜಿನಷ್ಟು ತಿಳಿಯಾದ ತೆಳು ಪೊರೆ ಕಾಣುತ್ತದೆ. ಅದು ಹರಡುತ್ತಾ ಹೋದಂತೆ ಇನ್ನೂ ತೆಳುವಾಗುತ್ತದೆ. ಸ್ವಲ್ಪ ದೂರದಲ್ಲಿ ಅದರ ಮೈ ಗಾಳಿಗೆ ಬಟ್ಟೆ ಪಟಪಟಿಸಿದ ಹಾಗೆ ಅಲೆಯಾಡುತ್ತದೆ. ಅಂಚು ಹರಿದು ಎಳೆ ಎಳೆಯಾಗುತ್ತದೆ. ಎಳೆ ತುಂಡಾಗಿ ಹನಿಯಾಗುತ್ತದೆ. ಪೊರೆ, ಎಳೆ, ಹನಿ. ಈ ಮೂರು ಹಂತವೂ ಒಂದು ಅಂಗೈ ಉದ್ದದೊಳಗೆ ಮುಗಿದುಹೋಗುತ್ತದೆ.

ಪೊರೆ ಹರಿಯುವ ಹೊತ್ತಿಗೆ ಎಷ್ಟು ತೆಳುವಾಗಿರುತ್ತದೋ ಹನಿಯೂ ಅಷ್ಟು ಸಣ್ಣ. ನಾಝಲ್ ಕೋನ ಅಗಲವಿದ್ದರೆ ಪೊರೆ ಬೇಗ ತೆಳುವಾಗುತ್ತದೆ, ಹನಿ ಸಣ್ಣದಾಗುತ್ತದೆ. ತೂತು ದೊಡ್ಡದಿದ್ದರೆ ಪೊರೆ ದಪ್ಪ, ಹನಿಯೂ ದಪ್ಪ. ಈ ಒಂದು ಮಾತು ಹಿಡಿದುಕೊಂಡರೆ ಮುಂದಿನ ಎಲ್ಲ ಕಾರಣಗಳೂ ಸುಲಭವಾಗಿ ಅರ್ಥವಾಗುತ್ತವೆ.

ನೋಡುವಾಗ ಪೊರೆಯ ಎರಡು ಅಂಚುಗಳಿಗೆ ಗಮನ ಕೊಡಿ. ಎರಡೂ ಸಮ ಇವೆಯಾ? ಒಂದು ಅಂಚಿನಲ್ಲಿ ದಪ್ಪ ಗೆರೆಯಂತೆ ನೀರು ಓಡುತ್ತಿದೆಯಾ? ಮಧ್ಯೆ ಸೀಳು ಇದೆಯಾ? ಸೀಳಿದ್ದರೆ ತೂತಿನಲ್ಲಿ ಕಸ ಕೂತಿದೆ. ಅಂಚಿನ ಗೆರೆ ಒಂದೇ ಕಡೆ ದಪ್ಪವಿದ್ದರೆ ತೂತಿನ ತುಟಿ ಸವೆದಿದೆ ಅಥವಾ ಗೀರಾಗಿದೆ. ಪೂರ್ತಿ ಬೀಸಣಿಗೆ ತೆರೆಯದೆ ಮುದುಡಿಕೊಂಡಿದ್ದರೆ ಪ್ರೆಶರ್ ಸಾಲದು.

ಹಾಲೋ ಕೋನ್ ನಾಝಲ್ ಆದರೆ ಪೊರೆ ಶಂಕುವಿನ ಆಕಾರದಲ್ಲಿ ಬರುತ್ತದೆ, ಒಳಗೆ ಟೊಳ್ಳು. ಒಳಗೆ ನೀರನ್ನು ಗಿರಗಿರ ಸುತ್ತಿಸುವ ಒಂದು ಸಣ್ಣ ಬಿಲ್ಲೆ ಇರುತ್ತದೆ. ತೊಳೆದು ಜೋಡಿಸುವಾಗ ಅದನ್ನು ಹಾಕಲು ಮರೆತರೆ ಶಂಕುವೂ ಇಲ್ಲ, ಪೊರೆಯೂ ಇಲ್ಲ, ನೇರ ಧಾರೆ ಮಾತ್ರ. ನೇರ ಧಾರೆ ತಾನಾಗಿ ಒಡೆದರೆ ಹನಿ ಧಾರೆಯ ದಪ್ಪದ ಸುಮಾರು 1.9 ಪಟ್ಟು ಆಗುತ್ತದೆ. ಈ ಲೆಕ್ಕ 1878ರಲ್ಲಿ ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲೀ ಕೊಟ್ಟಿದ್ದು. ಒಂದು ಮಿಲಿಮೀಟರ್ ಧಾರೆಯಿಂದ ಸುಮಾರು ಎರಡು ಮಿಲಿಮೀಟರ್ ಹನಿ ಎಂದಾಯಿತು, ಸ್ಪ್ರೇ ಅನ್ನುವುದಕ್ಕಿಂತ ಅದು ಮಳೆ. ತೊಳೆದ ಮರುದಿನವೇ ಹನಿ ದಿಢೀರ್ ದಪ್ಪವಾಗಿದ್ದರೆ ಮೊದಲು ಆ ಬಿಲ್ಲೆ ಹುಡುಕಿ. ತಿರುವುಮುರುವಾಗಿ ಕೂತಿದೆಯಾ ಎಂದೂ ನೋಡಿ.

ಎರಡು ಅಂಕಿ ಒಟ್ಟಿಗೆ ತೆಗೆದುಕೊಳ್ಳಿ

ಒಂದು: ನಾಝಲ್ ಹತ್ತಿರದ ಪ್ರೆಶರ್. ಎರಡು: ಒಂದು ನಿಮಿಷಕ್ಕೆ ಆ ನಾಝಲ್‌ನಿಂದ ಬಿದ್ದ ನೀರು. ಎರಡನ್ನೂ ಒಂದೇ ಹೊತ್ತಿಗೆ ತೆಗೆದುಕೊಳ್ಳಬೇಕು. ಒಂದೇ ಅಂಕಿ ಇಟ್ಟುಕೊಂಡು ಕಾರಣ ಹೇಳಲು ಹೋದರೆ ಬರೀ ಊಹೆಯಾಗುತ್ತದೆ.

ಪಂಪಿನ ಮೇಲಿನ ಗೇಜ್ ಇಲ್ಲಿ ಸಾಲದು. ಪಂಪಿನಿಂದ ನಾಝಲ್‌ವರೆಗೆ ಪೈಪ್ ಇದೆ, ಫಿಲ್ಟರ್ ಇದೆ, ತಿರುವುಗಳಿವೆ. ಎಲ್ಲವೂ ಸ್ವಲ್ಪ ಸ್ವಲ್ಪ ಪ್ರೆಶರ್ ತಿನ್ನುತ್ತವೆ. ನಾಝಲ್ ಪಕ್ಕದಲ್ಲೇ ಪೈಪಿಗೆ T ಆಕಾರದ ಒಂದು ಜೋಡಣೆ ಹಾಕಿ ಗೇಜ್ ಕೂರಿಸಿ. ನೀರು ಹರಿಯುತ್ತಿರುವಾಗಲೇ ಓದಿ. ಬಾಯಿ ಮುಚ್ಚಿದಾಗ ಎಲ್ಲ ಗೇಜುಗಳೂ ಚೆನ್ನಾಗಿಯೇ ತೋರಿಸುತ್ತವೆ.

ಆ ಪ್ರೆಶರ್‌ಗೆ ಹೊಸ ನಾಝಲ್ ಎಷ್ಟು ಕೊಡಬೇಕು ಎನ್ನುವುದು ತಯಾರಕರ ಪಟ್ಟಿಯಲ್ಲಿ ಇರುತ್ತದೆ. ಹೊಲದ ಸ್ಪ್ರೇ ನಾಝಲ್‌ಗಳಿಗೆ ಐಎಸ್‌ಒ (ಅಂತರರಾಷ್ಟ್ರೀಯ ಮಾನಕ ಸಂಸ್ಥೆ) ಬಣ್ಣದ ಗುರುತು ಇದೆ. 3 ಬಾರ್‌ನಲ್ಲಿ ಹಳದಿ ನಾಝಲ್ ನಿಮಿಷಕ್ಕೆ ಸುಮಾರು 0.8 ಲೀಟರ್, ನೀಲಿ 1.2, ಕೆಂಪು 1.6 ಲೀಟರ್ ಕೊಡುತ್ತದೆ. ಇಲ್ಲಿ ಒಂದು ಗೊಂದಲ ತುಂಬಾ ಜನರನ್ನು ಹಿಡಿಯುತ್ತದೆ. ಹನಿಯ ವರ್ಗಕ್ಕೂ ಪಟ್ಟಿಗಳಲ್ಲಿ ಇದೇ ಬಣ್ಣಗಳನ್ನು ಬಳಸುತ್ತಾರೆ. ಅಲ್ಲಿ ಕೆಂಪು ಅಂದರೆ ಅತಿ ಸಣ್ಣ ಹನಿ, ಹಳದಿ ಅಂದರೆ ಮಧ್ಯಮ, ನೀಲಿ ಅಂದರೆ ದಪ್ಪ. ನಾಝಲ್ ಮೈಮೇಲಿನ ಬಣ್ಣ ಹೇಳುವುದು ಎಷ್ಟು ನೀರು ಬೀಳುತ್ತದೆ ಎಂದು, ಎಂಥ ಹನಿ ಎಂದಲ್ಲ. ಕೆಂಪು ನಾಝಲ್ ಹಾಕಿದೆ, ಸಣ್ಣ ಹನಿ ಬರಲೇಬೇಕು ಅಂದುಕೊಂಡರೆ ಕೆಲಸ ಪೂರ್ತಿ ಉಲ್ಟಾ ಆಗುತ್ತದೆ.

ಈಗ ಎರಡು ಅಂಕಿಗಳನ್ನೂ ಜೋಡಿಸಿ ನೋಡಿ.

ಪ್ರೆಶರ್ ಸರಿ ಇದೆ, ನೀರು ಜಾಸ್ತಿ ಬೀಳುತ್ತಿದೆ: ತೂತು ಸವೆದು ದೊಡ್ಡದಾಗಿದೆ.

ಪ್ರೆಶರ್ ಸರಿ ಇದೆ, ನೀರು ಕಡಿಮೆ: ನಾಝಲ್ ಒಳಗೇ ಕಸ ಕಟ್ಟಿದೆ.

ಪಂಪಿನ ಹತ್ತಿರ ಪ್ರೆಶರ್ ಸರಿ, ನಾಝಲ್ ಹತ್ತಿರ ಕಡಿಮೆ, ನೀರೂ ಕಡಿಮೆ: ನಡುವೆ ಎಲ್ಲೋ ಅಡ್ಡಿ ಇದೆ. ಹತ್ತಕ್ಕೆ ಒಂಬತ್ತು ಸಲ ಫಿಲ್ಟರ್ ಜಾಲರಿ ಎಂದು ನನ್ನ ಅನುಭವ ಹೇಳುತ್ತದೆ. ಒಳಪದರ ಕಿತ್ತುಬಂದ ಹಳೇ ಹೋಸ್ ಕೂಡ ಹೀಗೆ ಮಾಡುತ್ತದೆ, ಹೊರಗಿನಿಂದ ಅದು ಕಾಣುವುದೇ ಇಲ್ಲ.

ಎಲ್ಲ ಕಡೆಯೂ ಪ್ರೆಶರ್ ಇಳಿದಿದೆ, ಆದರೆ ನೀರು ಮೊದಲಿನಷ್ಟೇ ಬೀಳುತ್ತಿದೆ: ಎಲ್ಲ ನಾಝಲ್‌ಗಳೂ ಒಟ್ಟಿಗೆ ಸವೆದಿವೆ. ಪಂಪ್ ಕೊಡುವಷ್ಟು ಕೊಡುತ್ತಿದೆ, ತಡೆಯುವವರು ಯಾರೂ ಇಲ್ಲ. ಇಲ್ಲಿ ಪಂಪ್ ಕೆಟ್ಟಿದೆ ಅಂತ ರಿಪೇರಿಗೆ ಬಿಚ್ಚಿಬಿಡುತ್ತಾರೆ. ಪಂಪಿನ ತಪ್ಪು ಏನೂ ಇರುವುದಿಲ್ಲ.

ಎರಡೂ ಅಂಕಿ ಸರಿ, ಹನಿ ಮಾತ್ರ ಸರಿಯಿಲ್ಲ: ದ್ರವ ಬದಲಾಗಿದೆ, ಅಥವಾ ಬೇರೆ ಮಾದರಿಯ ನಾಝಲ್ ಕೂತಿದೆ.

ತೂತು

ಒಂದು ಸಲ ಆರು ನಾಝಲ್‌ಗಳ ಲೈನ್ ಒಂದನ್ನು ನೋಡಲು ಹೋಗಿದ್ದೆ. ಹಳದಿ ಫ್ಲಾಟ್ ಫ್ಯಾನ್, 3 ಬಾರ್. ನಾಲ್ಕನೆಯ ನಾಝಲ್ ಕೆಳಗೆ ಉದ್ದಕ್ಕೂ ಒಂದು ಒದ್ದೆ ಪಟ್ಟೆ. ಪ್ರೆಶರ್ ಏರಿಸಿ ಇಳಿಸಿ ಎಲ್ಲ ಆಗಿತ್ತು. ಜಾರ್ ಹಿಡಿದು ಒಂದೊಂದನ್ನೇ ಅಳೆದೆವು. ಐದು ನಾಝಲ್‌ಗಳು ನಿಮಿಷಕ್ಕೆ 800 ಮಿಲಿಲೀಟರ್ ಆಸುಪಾಸಿನಲ್ಲೇ ಇದ್ದವು. ನಾಲ್ಕನೆಯದು 970.

ಬಿಚ್ಚಿ ಬಿಸಿಲಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಫ್ಲಾಟ್ ಫ್ಯಾನ್ ತೂತು ಗೋಧಿ ಕಾಳಿನ ಆಕಾರದಲ್ಲಿರುತ್ತದೆ, ಎರಡು ಕೊನೆ ಚೂಪು. ಇದರ ಒಂದು ಕೊನೆಯಲ್ಲಿ ಕೂದಲಿನಷ್ಟು ಸಣ್ಣ ಗೀರು ಹೊಳೆಯುತ್ತಿತ್ತು. ಬೆಳಕಿಗೆ ವಾಲಿಸಿದಾಗ ಮಾತ್ರ ಕಾಣುತ್ತಿತ್ತು. ಹಿಂದಿನ ವಾರ ಕಸ ಕಟ್ಟಿದಾಗ ಯಾರೋ ಗುಂಡುಸೂಜಿ ಹಾಕಿ ಬಿಡಿಸಿದ್ದರು. ಕಸ ಹೋಯಿತು, ಗೀರು ಉಳಿಯಿತು. ಪೊರೆ ಆ ಗೀರಿನ ಜಾಗದಲ್ಲಿ ದಪ್ಪವಾಗಿ, ತಡವಾಗಿ ಹರಿದು, ಅಲ್ಲಿಂದಲೇ ದಪ್ಪ ಹನಿಗಳ ಸಾಲು ಬೀಳುತ್ತಿತ್ತು. ಹೊಸ ನಾಝಲ್ ಹಾಕಿದ ಕೂಡಲೇ ಪಟ್ಟೆ ಮಾಯವಾಯಿತು.

ಅದಕ್ಕೇ ಬೇಡಿಕೊಳ್ಳುತ್ತೇನೆ, ನಾಝಲ್ ತೂತಿಗೆ ಸೂಜಿ, ತಂತಿ, ಚಾಕುಮೊನೆ ಯಾವುದನ್ನೂ ಹಾಕಬೇಡಿ. ಬೆಚ್ಚಗಿನ ನೀರಲ್ಲಿ ನೆನೆಹಾಕಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಹಿಂದಿನಿಂದ ಗಾಳಿ ಊದಿಸಿ. ಬಾಯಿಂದ ಊದುವುದಂತೂ ಬೇಡವೇ ಬೇಡ. ತೂತಿನಲ್ಲಿ ಉಳಿದ ಔಷಧಿ ನೇರ ತುಟಿಗೆ ಬರುತ್ತದೆ.

ಸವೆತಕ್ಕೆ ಒಂದು ಗೆರೆ ಹಾಕಿಕೊಳ್ಳಿ. ಅದೇ ಪ್ರೆಶರ್‌ನಲ್ಲಿ ಹೊಸ ನಾಝಲ್‌ಗಿಂತ 10 ಶೇಕಡಾ ಜಾಸ್ತಿ ನೀರು ಬಂದರೆ ನಾಝಲ್ ಬದಲಿಸುವ ಹೊತ್ತಾಯಿತು. ಹಿತ್ತಾಳೆ ಬೇಗ ಸವೆಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಅದಕ್ಕಿಂತ ಗಟ್ಟಿ, ಸೆರಾಮಿಕ್ ಇನ್ನೂ ತುಂಬಾ ಗಟ್ಟಿ. ನೀರಲ್ಲಿ ಕದಡುವ ಪುಡಿಗಳು, ಸುಣ್ಣದಂಥವು, ತೂತನ್ನು ಉಜ್ಜುಕಾಗದದಂತೆ ತಿನ್ನುತ್ತವೆ. ಅಂಥ ಕೆಲಸಕ್ಕೆ ಹಿತ್ತಾಳೆ ಹಾಕಬೇಡಿ. ಹಾಲೋ ಕೋನ್‌ನಲ್ಲಿ ತೂತಿನ ಜೊತೆ ಒಳಗಿನ ಬಿಲ್ಲೆಯೂ ಸವೆಯುತ್ತದೆ. ಒಂದನ್ನೇ ಬದಲಿಸಿ ಇನ್ನೊಂದನ್ನು ಉಳಿಸಿದರೆ ಅರ್ಧ ರಿಪೇರಿ ಆದಂತೆ.

ಮತ್ತೆ ಮತ್ತೆ ಕಸ ಕಟ್ಟುತ್ತಿದ್ದರೆ ನಾಝಲ್ ಬಯ್ಯಬೇಡಿ, ಜಾಲರಿ ನೋಡಿ. ಜಾಲರಿಯ ಕಣ್ಣು ನಾಝಲ್ ತೂತಿಗಿಂತ ಸಣ್ಣದಿರಲೇಬೇಕು. ಮೆಶ್ ಎಂದರೆ ಒಂದು ಇಂಚಿನಲ್ಲಿ ಎಷ್ಟು ಕಣ್ಣುಗಳಿವೆ ಎಂಬ ಎಣಿಕೆ. 50 ಮೆಶ್ ಜಾಲರಿಯ ಕಣ್ಣು ಸುಮಾರು 300 ಮೈಕ್ರಾನ್, 100 ಮೆಶ್‌ನದ್ದು ಸುಮಾರು 150.

ಪ್ರೆಶರ್‌ಗೆ ಎಷ್ಟು ಕೈ ಉದ್ದ?

ಪ್ರೆಶರ್ ಏರಿಸಿದರೆ ನೀರು ಜೋರಾಗಿ ಹೊರಡುತ್ತದೆ, ಪೊರೆ ಬೇಗ ಹರಿಯುತ್ತದೆ, ಹನಿ ಸಣ್ಣದಾಗುತ್ತದೆ. ಇದು ನಿಜ. ಆದರೆ ನಾವು ಅಂದುಕೊಂಡಷ್ಟು ಸಣ್ಣ ಆಗುವುದಿಲ್ಲ. ಪ್ರೆಶರ್ ನಾಝಲ್‌ಗಳಿಗೆ ಬಳಸುವ ಒಂದು ಅಂದಾಜು ಲೆಕ್ಕ ಇದೆ: ಹನಿಯ ಗಾತ್ರ ಪ್ರೆಶರ್‌ನ 0.3 ಘಾತಕ್ಕೆ ವಿಲೋಮವಾಗಿ ಬದಲಾಗುತ್ತದೆ. ಸುಲಭವಾಗಿ ಹೇಳಬೇಕೆಂದರೆ, ಪ್ರೆಶರ್ ಎರಡು ಪಟ್ಟು ಮಾಡಿದರೆ ಹನಿ ಸುಮಾರು 19 ಶೇಕಡಾ ಮಾತ್ರ ಸಣ್ಣದಾಗುತ್ತದೆ. ಹನಿಯ ಗಾತ್ರ ಅರ್ಧ ಆಗಬೇಕೆಂದರೆ ಪ್ರೆಶರ್ ಹತ್ತು ಪಟ್ಟು ಬೇಕು. ಹತ್ತು ಪಟ್ಟು! 2 ಬಾರ್ ಇದ್ದದ್ದು 20 ಬಾರ್ ಆಗಬೇಕು. ಅದರ ಜೊತೆಗೆ ನೀರೂ ಮೂರು ಪಟ್ಟು ದಾಟುತ್ತದೆ, ಯಾಕೆಂದರೆ ನೀರಿನ ಹರಿವು ಪ್ರೆಶರ್‌ನ ವರ್ಗಮೂಲದಂತೆ ಏರುತ್ತದೆ.

ಹಾಗಾಗಿ ಗಾತ್ರದಲ್ಲಿ ದೊಡ್ಡ ಬದಲಾವಣೆ ಬೇಕಿದ್ದರೆ ಪ್ರೆಶರ್ ಬಿಟ್ಟು ನಾಝಲ್ ಬದಲಿಸಿ. ದೊಡ್ಡ ತೂತಿನ ಒಂದು ನಾಝಲ್ ಬದಲು ಅರ್ಧ ಹರಿವಿನ ಎರಡು ನಾಝಲ್ ಹಾಕಿದರೆ ಬೀಳುವ ನೀರು ಅಷ್ಟೇ, ಹನಿ ಸಣ್ಣದು. ಮಾದರಿಯಲ್ಲೂ ವ್ಯತ್ಯಾಸ ಇದೆ. ಒಂದೇ ಹರಿವು, ಒಂದೇ ಪ್ರೆಶರ್‌ನಲ್ಲಿ ಹಾಲೋ ಕೋನ್ ಸಣ್ಣ ಹನಿ ಕೊಡುತ್ತದೆ, ಫ್ಲಾಟ್ ಫ್ಯಾನ್ ನಡುವೆ, ಒಳಗೂ ತುಂಬಿಕೊಂಡು ಬರುವ ಫುಲ್ ಕೋನ್ ದಪ್ಪ ಹನಿ ಕೊಡುತ್ತದೆ.

ಪ್ರೆಶರ್ ನಿಜಕ್ಕೂ ಕೆಡಿಸುವುದು ಕೆಳಗಿನ ತುದಿಯಲ್ಲಿ. ಪ್ರತಿ ನಾಝಲ್‌ಗೂ ಒಂದು ಕನಿಷ್ಠ ಪ್ರೆಶರ್ ಇರುತ್ತದೆ. ಅದಕ್ಕಿಂತ ಇಳಿದರೆ ಬೀಸಣಿಗೆ ಮುದುಡುತ್ತದೆ, ಪೊರೆ ದಪ್ಪವಾಗೇ ಉಳಿಯುತ್ತದೆ, ಹನಿ ತಟಕ್ಕನೆ ದೊಡ್ಡದಾಗುತ್ತದೆ. ಆಗ ಪ್ರೆಶರ್ ಏರಿಸುವುದೇ ಸರಿಯಾದ ಮದ್ದು.

ದ್ರವವೇ ಬದಲಾಗಿದ್ದರೆ

ಬರೀ ನೀರಲ್ಲಿ ಪರೀಕ್ಷೆ ಮಾಡಿದಾಗ ಎಲ್ಲ ಚೆನ್ನಾಗಿದೆ, ಕೆಲಸದ ದ್ರವ ಹಾಕಿದಾಗ ಮಾತ್ರ ಹನಿ ಕೆಡುತ್ತದೆ. ಹಾಗಿದ್ದರೆ ನಾಝಲ್ ಮುಟ್ಟಬೇಡಿ. ಟ್ಯಾಂಕ್ ನೋಡಿ.

ದ್ರವ ಮಂದವಾದಷ್ಟೂ ಹನಿ ದಪ್ಪ. ಪುಸ್ತಕದಲ್ಲಿ ಇದನ್ನು ಸ್ನಿಗ್ಧತೆ ಎನ್ನುತ್ತಾರೆ. ಮಂದ ದ್ರವದ ಪೊರೆ ಸುಲಭವಾಗಿ ಅಲೆಯಾಡುವುದಿಲ್ಲ, ಎಳೆಗಳು ತಡವಾಗಿ ತುಂಡಾಗುತ್ತವೆ, ಕೋನವೂ ಕಿರಿದಾಗುತ್ತದೆ. ತೀರಾ ಮಂದವಾದರೆ ಧಾರೆಯೇ ಬರುತ್ತದೆ. ಸಕ್ಕರೆ ಪಾಕದಲ್ಲಿ ಇದು ಚೆನ್ನಾಗಿ ಕಾಣುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 40 ಶೇಕಡಾ ಸಕ್ಕರೆಯ ಪಾಕ ನೀರಿಗಿಂತ ಸುಮಾರು 6 ಪಟ್ಟು ಮಂದ. 60 ಶೇಕಡಾ ಪಾಕ ಸುಮಾರು 58 ಪಟ್ಟು. ಸಕ್ಕರೆ ಒಂದೂವರೆ ಪಟ್ಟಾಯಿತು ಅಷ್ಟೇ, ಮಂದತನ ಹತ್ತಿರ ಹತ್ತಿರ ಹತ್ತು ಪಟ್ಟು ಏರಿತು. ಮಿಶ್ರಣದಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಆದರೆ ಏನಂತೆ ಅನ್ನುವುದು ಇಲ್ಲಿ ನಡೆಯುವುದಿಲ್ಲ.

ಬಿಸಿಯ ಪಾತ್ರವೂ ಇಲ್ಲೇ ಬರುತ್ತದೆ. ಬೆಳಗ್ಗೆ ದಪ್ಪ ಹನಿ, ಮಧ್ಯಾಹ್ನ ತಾನಾಗಿ ಸರಿ, ಸಂಜೆ ಮತ್ತೆ ದಪ್ಪ. ಇಂಥ ದೂರು ಬಂದರೆ ನಾನು ಮೊದಲು ಕೇಳುವುದು ದ್ರವ ಎಷ್ಟು ತಣ್ಣಗಿತ್ತು ಅಂತ. ಬರೀ ನೀರಿಗೂ 20 ಡಿಗ್ರಿಯಿಂದ 50ಕ್ಕೆ ಹೋದರೆ ಮಂದತನ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಎಣ್ಣೆ, ಪಾಕ, ಬಣ್ಣಗಳಲ್ಲಂತೂ ವ್ಯತ್ಯಾಸ ಇನ್ನೂ ಜೋರು. ಅಂಥ ಕಡೆ ಪ್ರೆಶರ್ ಏರಿಸುವ ಬದಲು ದ್ರವವನ್ನು ಒಂದೇ ಬಿಸಿಯಲ್ಲಿ ಇಟ್ಟುಕೊಳ್ಳಿ. ಬೇಗ ಬೆಂಕಿ ಹತ್ತಿಕೊಳ್ಳುವ ದ್ರವವಾದರೆ ಮಾತ್ರ ಬಿಸಿ ಮಾಡಲು ಹೋಗಬೇಡಿ.

ಇನ್ನು ಮೇಲ್ಮೈ ಎಳೆತ. ನೀರು ತನ್ನನ್ನು ತಾನು ಹಿಡಿದಿಟ್ಟುಕೊಂಡು ದುಂಡಾಗಲು ನೋಡುವ ಗುಣ ಅದು. ನೀರಿಗೆ ಅದು ಮೀಟರ್‌ಗೆ ಸುಮಾರು 72 ಮಿಲಿನ್ಯೂಟನ್. ಸೋಪಿನಂಥ ವಸ್ತು ಸೇರಿಸಿದರೆ 30ರ ಆಸುಪಾಸಿಗೂ ಇಳಿಯುತ್ತದೆ. ಎಳೆತ ಕಡಿಮೆಯಾದರೆ ಹನಿ ಸಣ್ಣದಾಗಬೇಕು, ಅಲ್ವಾ? ಯಾವಾಗಲೂ ಆಗುವುದಿಲ್ಲ. ಪೊರೆ ಹುಟ್ಟಿ ಹರಿಯುವುದು ಕೆಲವೇ ಮಿಲಿಸೆಕೆಂಡುಗಳಲ್ಲಿ. ಅಷ್ಟರೊಳಗೆ ಸೋಪಿನ ಅಣುಗಳು ಹೊಸ ಮೇಲ್ಮೈಗೆ ಬಂದು ಸೇರಬೇಕು. ನಿಧಾನಕ್ಕೆ ಬರುವಂಥದ್ದಾದರೆ ಅದು ಬರುವ ಮೊದಲೇ ಹನಿ ಹುಟ್ಟಿಯಾಗಿರುತ್ತದೆ.

ಹಾಲಿನಂತೆ ಬೆಳ್ಳಗೆ ಕಾಣುವ, ಎಣ್ಣೆ ಬೆರೆತ ಮಿಶ್ರಣಗಳದ್ದು ಬೇರೆಯೇ ಕಥೆ. ಕಪ್ಪು ಬಟ್ಟೆಯ ಮುಂದೆ ಇದನ್ನೊಮ್ಮೆ ನೋಡಿ. ಪೊರೆ ಅಂಚಿನವರೆಗೆ ಹೋಗುವುದೇ ಇಲ್ಲ. ನಾಝಲ್ ಬಾಯಿಯ ಹತ್ತಿರವೇ, ಪೊರೆ ಇನ್ನೂ ದಪ್ಪವಿರುವಾಗಲೇ, ಅದರ ಮೈಯಲ್ಲಿ ದುಂಡು ತೂತುಗಳು ಬೀಳುತ್ತವೆ. ತೂತುಗಳು ಅಗಲವಾಗಿ ಒಂದಕ್ಕೊಂದು ಕೂಡಿ ಬಲೆಯಂತೆ ಕಾಣುತ್ತದೆ, ಆಮೇಲೆ ಬಲೆ ಹರಿಯುತ್ತದೆ. ಪೊರೆ ದಪ್ಪವಿದ್ದಾಗಲೇ ಹರಿದದ್ದರಿಂದ ಹನಿ ದಪ್ಪ. ಎಣ್ಣೆಯ ಮಿಶ್ರಣ ಹಾಕಿದಾಗ ಮಂಜು ಕಡಿಮೆಯಾಗುವುದಕ್ಕೆ ಇದೇ ಕಾರಣ. ಅದು ದೋಷ ಅಲ್ಲ, ಆ ದ್ರವದ ಗುಣ.

ಅಂಟಿನಂಥ ಉದ್ದ ಎಳೆಯ ವಸ್ತುಗಳನ್ನು ಚಿಟಿಕೆಯಷ್ಟು ಸೇರಿಸಿದರೂ ಹನಿ ದಪ್ಪವಾಗುತ್ತದೆ. ಎಳೆ ತುಂಡಾಗಲು ಅವು ಬಿಡುವುದಿಲ್ಲ. ಪಂಪಿನಲ್ಲಿ ತುಂಬಾ ಹೊತ್ತು ಸುತ್ತಿದರೆ ಆ ಗುಣ ಕಡಿಮೆಯಾಗುತ್ತಾ ಹೋಗುತ್ತದೆ. ಬೆಳಗ್ಗೆ ಕಲಸಿದ್ದು ಸಂಜೆಗೆ ಸಣ್ಣ ಹನಿ ಕೊಟ್ಟರೆ ಕಾರಣ ಅಲ್ಲಿರಬಹುದು.

ಬಿಟ್ಟು ಬಿಟ್ಟು ಬರುತ್ತಿದ್ದರೆ

ಸ್ಪ್ರೇ ಪುಕ್ ಪುಕ್ ಎಂದು ಉಗುಳುತ್ತಿದ್ದರೆ, ದಪ್ಪ ಹನಿಯ ನಡುವೆ ಮಂಜು ಬಂದರೆ, ಗಾಳಿ ಸೇರಿದೆ ಅಥವಾ ಪಂಪಿನ ಬಡಿತ ನೇರ ನಾಝಲ್‌ಗೆ ತಲುಪುತ್ತಿದೆ. ಹೀರುವ ಕಡೆಯ ಪೈಪಿನ ಕ್ಲಿಪ್, ವಾಷರ್ ನೋಡಿ. ಅಲ್ಲಿ ಸೋರಿದರೆ ನೀರು ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಜೋಡಣೆಯ ಮೇಲೆ ಸೋಪಿನ ನೀರು ಹಚ್ಚಿ. ಅದನ್ನು ಒಳಕ್ಕೆ ಎಳೆದುಕೊಂಡರೆ ಜಾಗ ಸಿಕ್ಕಿತು. ಟ್ಯಾಂಕಿಗೆ ವಾಪಸ್ ಬರುವ ಪೈಪ್ ಮೇಲಿನಿಂದ ಧುಮುಕುತ್ತಿದ್ದರೆ ನೊರೆ ಏಳುತ್ತದೆ, ಅದರ ತುದಿ ದ್ರವದೊಳಗೆ ಮುಳುಗಿರಲಿ. ಪಿಸ್ಟನ್ ಅಥವಾ ಡಯಾಫ್ರಾಮ್ ಪಂಪಿನಲ್ಲಿ ಬಡಿತ ತಡೆಯುವ ಗಾಳಿ ಬುರುಡೆ ಇರುತ್ತದೆ. ಗೇಜ್ ಮುಳ್ಳು ಗಡಗಡ ಅಲ್ಲಾಡುತ್ತಿದ್ದರೆ ಅದರಲ್ಲಿ ಗಾಳಿ ಇಳಿದಿದೆ.

ಹನಿ ತೀರಾ ಸಣ್ಣದಾಗಿದ್ದರೆ

ಸಣ್ಣ ಹನಿ ಎಷ್ಟು ಹೊತ್ತು ಗಾಳಿಯಲ್ಲಿ ಉಳಿಯುತ್ತದೆ ಎನ್ನುವುದು ಗೊತ್ತಿದ್ದರೆ ಈ ದೋಷವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಗಾಳಿ ಅಲ್ಲಾಡದೆ ನಿಂತಿದೆ, ಹನಿ ಒಣಗುವುದಿಲ್ಲ ಎಂದಿಟ್ಟುಕೊಳ್ಳಿ. 100 ಮೈಕ್ರಾನಿನ ನೀರ ಹನಿ 3 ಮೀಟರ್ ಬೀಳಲು ಸುಮಾರು 12 ಸೆಕೆಂಡ್ ಬೇಕು. 10 ಮೈಕ್ರಾನಿನದಕ್ಕೆ ಸುಮಾರು 17 ನಿಮಿಷ. ಅಷ್ಟರಲ್ಲಿ ಸಣ್ಣ ಗಾಳಿಯೂ ಅದನ್ನು ಪಕ್ಕದವರ ಕಡೆಗೆ ಒಯ್ದಿರುತ್ತದೆ. 10 ಮೈಕ್ರಾನಿಗಿಂತ ಸಣ್ಣವು ಉಸಿರಿನ ಜೊತೆ ಎದೆಯೊಳಗೂ ಹೋಗುತ್ತವೆ. ಔಷಧಿ, ಬಣ್ಣ ಹೊಡೆಯುವಾಗ ತಕ್ಕ ಮಾಸ್ಕ್ ಇಲ್ಲದೆ ನಿಲ್ಲಬೇಡಿ.

ಇಲ್ಲಿ ನಾನು ನೋಡುವ ಕ್ರಮ ಹೀಗೆ. ಮೊದಲು ಪ್ರೆಶರ್ ಬೇಕಾದದ್ದಕ್ಕಿಂತ ಜಾಸ್ತಿ ಇದೆಯಾ, ಗೇಜ್ ಸುಳ್ಳು ಹೇಳುತ್ತಿದೆಯಾ ನೋಡುತ್ತೇನೆ. ಬೇರೆ ಗೇಜ್ ಹಾಕಿ ಹೋಲಿಸಿದರೆ ಗೊತ್ತಾಗುತ್ತದೆ. ಆಮೇಲೆ ನಾಝಲ್. ಕೆಲಸಕ್ಕೆ ಬೇಕಾದ್ದಕ್ಕಿಂತ ಸಣ್ಣ ತೂತಿನದ್ದನ್ನು ಹಾಕಿ, ನೀರು ಸಾಲದೆ ಪ್ರೆಶರ್ ಏರಿಸಿಕೊಂಡಿರುತ್ತಾರೆ. ಒಂದು ಅಳತೆ ದೊಡ್ಡ ನಾಝಲ್ ಹಾಕಿ ಪ್ರೆಶರ್ ಇಳಿಸಿದರೆ ಅಷ್ಟೇ ನೀರು, ದಪ್ಪ ಹನಿ. ಹಾರುವಿಕೆ ತಡೆಯಲೆಂದೇ ಗಾಳಿ ಹೀರಿಕೊಂಡು ದಪ್ಪ ಹನಿ ಮಾಡುವ ನಾಝಲ್‌ಗಳೂ ಸಿಗುತ್ತವೆ. ಕೊನೆಗೆ ದೂರ. ನಾಝಲ್ ಗುರಿಯಿಂದ ದೂರ ಇದ್ದಷ್ಟೂ ಹನಿ ವೇಗ ಕಳೆದುಕೊಳ್ಳುತ್ತದೆ, ಒಣಗುತ್ತದೆ. 50 ಸೆಂಟಿಮೀಟರ್‌ಗೆ ಒಂದರಂತೆ ನಾಝಲ್ ಇರುವ ಲೈನಿನಲ್ಲಿ 110 ಡಿಗ್ರಿ ಕೋನದಲ್ಲಿ ಹರಡುವ ನಾಝಲ್‌ಗೆ ಸುಮಾರು 50 ಸೆಂಟಿಮೀಟರ್ ಎತ್ತರ ಸಾಕು, 80 ಡಿಗ್ರಿಯದಕ್ಕೆ ಸುಮಾರು 75 ಬೇಕು. ಬಿಸಿಲು ಏರಿ ಗಾಳಿ ಒಣಗಿದ್ದರೆ ಯಂತ್ರದಲ್ಲಿ ಏನೂ ತಪ್ಪಿಲ್ಲದೆಯೂ ಹನಿ ಗುರಿಗೆ ಬರುವಷ್ಟರಲ್ಲಿ ಕರಗಿರುತ್ತದೆ. ಅದಕ್ಕೆ ಮದ್ದು ತಂಪು ಹೊತ್ತಿನಲ್ಲಿ ಕೆಲಸ ಮಾಡುವುದು.

ಗಾಳಿಯಿಂದ ಒಡೆಯುವ ಗನ್‌ಗಳು

ಪೇಂಟ್ ಗನ್‌ನಂಥವುಗಳಲ್ಲಿ ದ್ರವವನ್ನು ಒಡೆಯುವುದು ಗಾಳಿ. ಇಲ್ಲಿ ನೋಡಬೇಕಾದದ್ದು ಗಾಳಿಗೂ ದ್ರವಕ್ಕೂ ಇರುವ ಪ್ರಮಾಣ. ಗಾಳಿ ಹೆಚ್ಚಿಸಿದರೆ ಹನಿ ಸಣ್ಣ, ದ್ರವ ಹೆಚ್ಚಿಸಿದರೆ ಹನಿ ದಪ್ಪ. ಮೇಲೆ ಹೇಳಿದ ಪ್ರೆಶರ್ ನಾಝಲ್ ಲೆಕ್ಕ ಇಲ್ಲಿಗೆ ತರಬೇಡಿ. ದ್ರವದ ಪ್ರೆಶರ್ ಏರಿಸಿದರೆ ಇಲ್ಲಿ ಹನಿ ಕೆಡುತ್ತದೆ.

ಗೇಜನ್ನು ಗನ್ ಒತ್ತಿ ಹಿಡಿದಿರುವಾಗಲೇ ಓದಿ. ಸುಮ್ನೆ ಇದ್ದಾಗ ಸರಿ ತೋರಿಸಿ, ಒತ್ತಿದ ಕೂಡಲೇ ಮುಳ್ಳು ಕುಸಿದರೆ ಹೋಸ್ ಕಿರಿದಾಗಿದೆ ಅಥವಾ ಕಂಪ್ರೆಸರ್ ಸಾಲದು. ಗನ್ ತುದಿಯಲ್ಲಿ ಗಾಳಿ ಹೊರಬರುವ ಮುಚ್ಚಳದ ಪಕ್ಕದ ಸಣ್ಣ ತೂತುಗಳಲ್ಲಿ ಒಂದು ಕಟ್ಟಿದರೂ ಸ್ಪ್ರೇ ಒಂದು ಕಡೆ ವಾಲುತ್ತದೆ. ಮುಚ್ಚಳವನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಹೊಡೆದು ನೋಡಿ. ವಾಲುವಿಕೆಯೂ ತಿರುಗಿದರೆ ತಪ್ಪು ಮುಚ್ಚಳದ್ದು. ಹಾಗೇ ಉಳಿದರೆ ತಪ್ಪು ದ್ರವ ಬರುವ ತುದಿಯದ್ದು.

ಸರಿಯಾದ ಮೇಲೆ

ಹಳೇ ಪ್ರೆಶರ್‌ನಲ್ಲೇ ಮತ್ತೊಮ್ಮೆ ಒಂದು ನಿಮಿಷ ಅಳೆಯಿರಿ. ಪರೀಕ್ಷಾ ಕಾಗದ ಮತ್ತೆ ಹಾಯಿಸಿ, ಮೊದಲಿನ ಕಾಗದದ ಪಕ್ಕದಲ್ಲಿಟ್ಟು ನೋಡಿ. ಎರಡನ್ನೂ ಒಂದು ಪುಸ್ತಕಕ್ಕೆ ಅಂಟಿಸಿ, ಪಕ್ಕದಲ್ಲಿ ತಾರೀಕು, ಪ್ರೆಶರ್, ನಿಮಿಷದ ನೀರು, ದ್ರವದ ಹೆಸರು, ಅದರ ಬಿಸಿ ಬರೆದಿಡಿ. ಕಾಗದವನ್ನು ಮೊದಲು ಪೂರ್ತಿ ಒಣಗಲು ಬಿಡಿ, ಮೇಲೆ ಪಾರದರ್ಶಕ ಟೇಪ್ ಹಾಕಿ. ಇಲ್ಲದಿದ್ದರೆ ಗಾಳಿಯ ತೇವಕ್ಕೇ ಅದು ನಿಧಾನವಾಗಿ ನೀಲಿಯಾಗುತ್ತದೆ, ಮುಂದಿನ ಸಲ ಹೋಲಿಸಲು ಏನೂ ಉಳಿಯುವುದಿಲ್ಲ.